ಅಜ್ಜಪ್ಪನ ಪಾಲಿನ ಅಳು

ಐರಣಿಯಲ್ಲಿ ಯಾರಾದರೂ ತೀರಿಕೊಂಡರೆ ಮೊದಲ ಸುದ್ದಿ ನೆಂಟರಿಗೆ ಹೋಗುತ್ತಿತ್ತು, ಅದರ ಬೆನ್ನಿಗೇ ಗದಿಗೆವ್ವನಿಗೆ. ಅವಳು ಬರುವ ತನಕ ಸತ್ತವರ ಮನೆಯಲ್ಲಿ ಅಳು ಇರುತ್ತಿತ್ತಾದರೂ ಅದಕ್ಕೊಂದು ದಾರಿ ಇರುತ್ತಿರಲಿಲ್ಲ. ಒಬ್ಬಳು ಅತ್ತು ಮೂಗು ಒರೆಸಿಕೊಳ್ಳುವಷ್ಟರಲ್ಲಿ ಇನ್ನೊಬ್ಬಳು ಶುರು ಮಾಡುತ್ತಿದ್ದಳು. ಗದಿಗೆವ್ವ ಬಂದು ಕುಳಿತು ಆಡ್ಯಾಡಿ ಅಳಲು ತೊಡಗಿದಳೆಂದರೆ ಎಲ್ಲರ ಅಳು ಅವಳ ಮಾತಿನ ಹಿಂದೆ ಸಾಲು ಹಿಡಿದು ಹೊರಡುತ್ತಿತ್ತು. ಸತ್ತವರು ಹೆಂಗಿದ್ದರು, ಏನು ಮಾಡಿದರು, ಯಾರನ್ನು ಬಿಟ್ಟು ಹೋದರು ಎಂಬುದನ್ನೆಲ್ಲ ಮಾತು ಮಾತಾಗಿ ರಾಗ ಎಳೆದು ಹೇಳಿ ಅಳುವುದು ಆ ಕಡೆಯ ಹೆಣ್ಣುಮಕ್ಕಳಿಗೆಲ್ಲ ಬರುತ್ತದೆ. ಆದರೆ ಗದಿಗೆವ್ವನ ಹಾಗೆ ಬರುವುದಿಲ್ಲ.

ಅವಳು ಬಂದವಳೇ ಹೆಣದ ಹತ್ತಿರ ಹೋಗುತ್ತಿರಲಿಲ್ಲ. ಹೊಸ್ತಿಲ ಹತ್ತಿರ ನಿಂತು ಸತ್ತವರ ಚಪ್ಪಲಿ ನೋಡುತ್ತಿದ್ದಳು. ಯಾವ ಕಡೆ ಸವೆದಿದೆ, ಯಾರು ಹೊಲಿದಿದ್ದಾರೆ. ಆಮೇಲೆ ಗೋಡೆಯ ಗೂಟ, ಅದಕ್ಕೆ ತೂಗುಬಿದ್ದ ಅಂಗಿ, ಹೊರಸಿನಲ್ಲಿ ಮೈ ಒತ್ತಿ ಬಿದ್ದ ತಗ್ಗು. ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಸೆರಗು ಹಣೆಗೆ ಎಳೆದುಕೊಂಡು ಹೆಣದ ಎಡಕ್ಕೆ ಕುಳಿತರೆ ಮಾತು ತಾನೇ ಬರುತ್ತಿತ್ತು. ಅದೇ ಓಣಿಯ ಮರಿಯವ್ವನ ಅತ್ತೆ ಸತ್ತಾಗಿನ ಮಾತು ಊರಿನವರು ಇನ್ನೂ ಆಡುತ್ತಾರೆ. ಆ ಮುದುಕಿ ಸೊಸೆಯನ್ನು ಹುರಿದು ಮುಕ್ಕಿದವಳು. ಮರಿಯವ್ವ ಬೆಳಗಿನಿಂದ ಒಣಗಣ್ಣಿನಲ್ಲಿ ಕೂತಿದ್ದಳು. ಗದಿಗೆವ್ವ ಕುಳಿತು, "ಅತ್ತೀ, ನಿನ್ನ ಸೊಂಟದ ಕೀಲಿ ಗೊಂಚಲ ಸಪ್ಪಳಾದ್ರ ನಾವು ಬೆನ್ನ ನೆಟ್ಟಗ ಮಾಡತಿದ್ದಿವಲ್ಲ, ಇನ್ನ ಯಾರ ಸಪ್ಪಳಕ್ಕ ನೆಟ್ಟಗಾಗೂಣಽ" ಅಂದದ್ದೇ ತಡ, ಮರಿಯವ್ವ ಮುದುಕಿಯ ಕಾಲ ಮೇಲೆ ಬಿದ್ದು ಹೊರಳಾಡಿದ್ದಳು.

ಆದರೆ ಅದಕ್ಕೆ ಒಂದು ಕಟ್ಟು ಇತ್ತು. ಅಳುವ ಮಾತು ಹೆಣದ ಎದುರಿಗೇ ಆಡಬೇಕು. ಹೆಣ ಎದ್ದು ಹೋಯಿತೆಂದರೆ ಮಾತೂ ಅದರ ಜೋಡಿ ಹೋಯಿತು. ಆಮೇಲೆ ಮನೆಯಲ್ಲಿ, ಹೊಲದಲ್ಲಿ, ಚೇಷ್ಟೆಗೂ ಅದನ್ನು ಹೇಳಬಾರದು. ಹೇಳಿದರೆ ಆ ಮನೆಗೆ ಇನ್ನೊಂದು ಸಾವನ್ನು ಕರೆದಂತೆ. ಜೀವಂತ ಇದ್ದವರಿಗಂತೂ ಹೇಳುವ ಮಾತೇ ಇಲ್ಲ, ಅದು ಶಾಪ.

ಗದಿಗೆವ್ವನ ಗಂಡ ಜಟ್ಟೆಪ್ಪ ಅವಳ ತಾಯಿಯ ತಮ್ಮ. ಮದುವೆಗೆ ಮೊದಲೂ ಮಾವ, ಆಮೇಲೂ ಮಾವ. ಮೊಹರಮ್ಮಿನಲ್ಲಿ ಅಲಾವಿಯ ಬೆಂಕಿ ಕುಣಿಯ ಸುತ್ತ ಶೋಕದ ರಿವಾಯತ ಪದ ಹಾಡುವ ಮೇಳದಲ್ಲಿ ಜಟ್ಟೆಪ್ಪನದೇ ಮುಂಗಂಟಲು, ಅವನ ಗೆಳೆಯ ಮೆಹಬೂಬನದು ಹಿಂದಿನ ದನಿ. ಹೊಳೆಯ ಆಚೆ ದಂಡೆಯ ಊರುಗಳಿಂದಲೂ ಕರೆ ಬರುತ್ತಿತ್ತು. ಅಂಥ ಗಂಟಲಿಗೇ ರೋಗ ಹತ್ತಿತು. ಹುಬ್ಬಳ್ಳಿ ದವಾಖಾನೆಯಲ್ಲಿ ಕೊಯ್ದು, ಕರೆಂಟು ಕೊಟ್ಟು ಕಳಿಸಿದರು. ದನಿ ಹೋಯಿತು, ರೋಗ ಹೋಗಲಿಲ್ಲ. ಈಗ ಅವನು ಮಾತಾಡಿದರೆ ತಿದಿ ಒತ್ತಿದಂತೆ ಬರೇ ಗಾಳಿ ಬರುತ್ತಿತ್ತು. ಹತ್ತಿರ ಕುಳಿತು ತುಟಿ ನೋಡಿದರೆ ಮಾತ್ರ ತಿಳಿಯುತ್ತಿತ್ತು. ಇನ್ನು ಮನೆಯಲ್ಲೇ ಇಟ್ಟುಕೊಳ್ಳಿರಿ ಎಂದಿದ್ದರು ಡಾಕ್ಟರು.

ಒಂದು ಸಂಜೆ ಗದಿಗೆವ್ವ ಬ್ಯಾಡಗಿಯಿಂದ ಬಂದು ಅಂಗೈಗೆ ಮಜ್ಜಿಗೆ ಸವರಿಕೊಳ್ಳುತ್ತಿದ್ದಳು. ಮೆಣಸಿನಕಾಯಿ ಸುಗ್ಗಿಯಲ್ಲಿ ಊರಿನ ಹೆಂಗಸರೆಲ್ಲ ಟೆಂಪೋ ಹತ್ತಿ ಅಲ್ಲಿಗೆ ಕಾಯಿಯ ತೊಟ್ಟು ಬಿಡಿಸಲು ಹೋಗುತ್ತಾರೆ. ಸಂಜೆಗೆ ಕೈ ಬೆಂಕಿಯಾಗಿರುತ್ತದೆ. ಹೊರಸಿನ ಮೇಲೆ ಕೂತ ಜಟ್ಟೆಪ್ಪ ಕೈ ಮಾಡಿ ಕರೆದ.

"ಗದಿಗೀ, ನಂದು ಏನಂತ ಹೇಳ್ತಿ?"

"ಏನು ನಿಂದು?"

"ನಾ ಹೋದಾಗ."

"ನಿನ್ನ ಬಾಯಾಗ ಮಣ್ಣ ಬೀಳಲಿ," ಎಂದವಳೇ ನಾಲಿಗೆ ಕಚ್ಚಿಕೊಂಡಳು.

ಜಟ್ಟೆಪ್ಪನ ಹೆಗಲು ಕುಣಿಯಿತು. ನಗುವೂ ಈಗ ಅವನಿಗೆ ಗಾಳಿಯೇ. "ಅದು ಹೆಂಗೂ ಬೀಳತೇತಿ. ಅದಕ್ಕ ಮೊದಲ ನಾಕ ಮಾತು ಹೇಳಲಾ. ಊರ ಮಂದಿಗೆಲ್ಲಾ ಹೇಳೀದಿ, ಕಟಗೊಂಡಾಂವಗ ಹೇಳಾಕ ಏನ ಧಾಡಿ?"

"ಸತ್ತವರಿಗೆ ಹೇಳೇನಿ ಮಾವಾ. ಇದ್ದವರಿಗೆ ಹೇಳಿಲ್ಲ."

"ಸತ್ತವರಿಗೆ ಕೇಳಸತೇತೇನು?"

ಅವಳು ಇನ್ನೊಂದು ಅಂಗೈಗೆ ಮಜ್ಜಿಗೆ ಸವರಿಕೊಂಡಳು.

"ನಾ ಹಾಡಿದ್ರ ಕೂತ ಮಂದಿ ಹೌದು ಹೌದು ಅಂತಿದ್ರು," ಎಂದ ಜಟ್ಟೆಪ್ಪ, ಉಸಿರು ತೆಗೆದುಕೊಳ್ಳುತ್ತ. "ನೀ ಯಾರ ಬಗ್ಗೆ ಹಾಡ್ತೀಯೋ ಆಂವ ಕೆಟ್ಟ ಮಕಾ ಮಾಡಿ ಸುಮ್ನ ಕುಂತಿರತಾನ. ಯಾರ ಸಲವಾಗಿ ಅದು?"

"ಉಳದವರ ಸಲವಾಗಿ."

"ಉಳದವರು ಅತ್ತು, ಜಳಕಾ ಮಾಡಿ, ಉಣ್ಣಾಕ ಕುಂದರತಾರ."

"ಮತ್ತೇನು, ಉಪವಾಸ ಸಾಯಬೇಕೇನು?"

ಅವನು ಮತ್ತೆ ನಕ್ಕ. ಆಮೇಲೆ ನಗಲಿಲ್ಲ. "ನನ್ನ ದನಿ ಹೆಂಗಿತ್ತು ಅಂಬೋದು ನನಗಽ ಮರತ ಹೋಗಾಕತ್ತೇತಿ ಗದಿಗೀ. ಮೆಹಬೂಬ ಮೊಬೈಲಿನಾಗ ಹಾಕಿ ಕೇಳಿಸಿದ. ಅದು ನಂದಲ್ಲ, ಡಬ್ಬಿ ದನಿ. ನೀ ಹೇಳಿದ್ರ ನೆನಪಾದೀತು."

ಗದಿಗೆವ್ವ ಎದ್ದು ಒಲೆಯ ಕಡೆ ಹೋದಳು. ಅಂದಿನಿಂದ ಅವನು ಬಿಟ್ಟು ಬಿಟ್ಟು ಕೇಳಿದ. ಅವಳು ಒಮ್ಮೆ ಬೈದಳು, ಒಮ್ಮೆ ಅತ್ತಳು, ಒಮ್ಮೆ ಸುಮ್ಮನೆ ಕಾಲು ಒತ್ತಿದಳು. ಬರಬರುತ್ತ ಕೇಳುವುದನ್ನೂ ಬಿಟ್ಟ. ಅವಳು ಯಾರದಾದರೂ ಮಣ್ಣಿಗೆ ಹೋಗಿ ಬಂದಾಗ ಬಾಗಿಲಿನಲ್ಲಿ ಕೂತು ಮುಖ ನೋಡುತ್ತಿದ್ದ, ಅಷ್ಟೇ. ಕೇಳಿದ್ದಕ್ಕಿಂತ ಅದು ಅವಳಿಗೆ ಹೆಚ್ಚು ಸುಡುತ್ತಿತ್ತು.

ಹಂಗಿರುವಾಗ ಆಚೆ ಮನೆಯ ಅಜ್ಜಪ್ಪ ಹೋದ. ಎರಡೂ ಮನೆಗೆ ಒಂದೇ ಗೋಡೆ. ಅವನ ಹೆಂಡತಿ ಗುಡ್ಡವ್ವ ಗದಿಗೆವ್ವನಿಗಿಂತ ಸ್ವಲ್ಪ ದೊಡ್ಡವಳು. ಗೋಡೆಯ ಮೇಲಿಂದ ಹೆಪ್ಪಿನ ಬಟ್ಟಲು, ಬೆಂಕಿ ಪೊಟ್ಟಣ, ಬೈಗುಳ ಎಲ್ಲ ದಾಟಾಡುತ್ತಿದ್ದವು. ಅಜ್ಜಪ್ಪ ಮಾತು ಕಡಿಮೆಯ ಮನುಷ್ಯ. ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದ. ಊರಿನ ದನಕ್ಕೆಲ್ಲ ಅವನದೇ ಕೊರಳ ಕಣ್ಣಿ. ಬೆಳಗಿನ ಬಿಸಿಲಿಗೆ ಹಿತ್ತಲಲ್ಲಿ ಹಗ್ಗ ಹೊಸೆಯುತ್ತ ಕೂತವನು ಕೂತಲ್ಲೇ ವಾಲಿದ್ದ.

ಗದಿಗೆವ್ವ ಹೊಸ್ತಿಲಲ್ಲಿ ನಿಂತು ಅವನ ಚಪ್ಪಲಿ ನೋಡಿದಳು. ಎಡಗಾಲಿನದರ ಉಂಗುಟ ಹರಿದು ಕೆಂಪು ದಾರದಿಂದ ಹೊಲಿದುಕೊಂಡಿದ್ದ. ಆ ಕೆಂಪು ಎಲ್ಲಿಯದೆಂದು ಅವಳಿಗೆ ಕೂಡಲೇ ಗೊತ್ತಾಯಿತು: ಗುಡ್ಡವ್ವನ ಹಳೆಯ ಇಳಕಲ್ಲ ಸೀರೆಯ ಅಂಚು. ಗೂಟಕ್ಕೆ ಅರ್ಧ ಹೊಸೆದ ಹಗ್ಗ ನೇತಾಡುತ್ತಿತ್ತು. ಅವಳ ಹೊಟ್ಟೆಯಲ್ಲಿ ಮಾತು ಕೂಡಿಕೊಳ್ಳತೊಡಗಿತು. ಗೋಡೆಗೆ ಆನಿಸಿ ಕೂಡಿಸಿದ್ದ ಅಜ್ಜಪ್ಪನ ಎಡಕ್ಕೆ ಕುಳಿತು ಸೆರಗು ಎಳೆದುಕೊಂಡಳು. ಗುಡ್ಡವ್ವ ಅವಳ ಮೊಣಕಾಲು ಗಟ್ಟಿಯಾಗಿ ಹಿಡಿದುಕೊಂಡು, "ಹೇಳವಾ, ನಿಮ್ಮಣ್ಣಗ ಹೇಳು," ಎಂದಳು.

ಆಗಲೇ ಅವಳ ಕಣ್ಣು ಬಾಗಿಲ ಆಚೆ ಹೋಯಿತು. ಎದುರಿನ ಕಟ್ಟೆಗೆ ಮೆಹಬೂಬ ಜಟ್ಟೆಪ್ಪನನ್ನು ಕೈಹಿಡಿದು ಕರೆತಂದು ಕೂಡಿಸುತ್ತಿದ್ದ. ಚಳಿಗೆಂದು ಕಿವಿ ಮುಚ್ಚಿ ಸುತ್ತಿದ್ದ ಮಫ್ಲರನ್ನು ಜಟ್ಟೆಪ್ಪ ನಿಧಾನಕ್ಕೆ ಬಿಚ್ಚಿದ. ಮಡಚಿ ತೊಡೆಯ ಮೇಲೆ ಇಟ್ಟುಕೊಂಡ. ಕಿವಿ ಎರಡೂ ಬಯಲಾಗಿ, ಸೊರಗಿದ ಮುಖದ ಎರಡು ಪಕ್ಕಕ್ಕೆ ಹುಡುಗರ ಕಿವಿಯಷ್ಟು ದೊಡ್ಡವಾಗಿ ಕಂಡವು.

"ಅಣ್ಣಾಽ," ಎಂದು ತೆಗೆದಳು ಗದಿಗೆವ್ವ.

"ಅಣ್ಣಾ, ನೀ ಹೊಳಿ ದಂಡಿಗೆ ನಿಂತು ಬಾಯಿ ತಗದರ
ಆಚೀ ದಂಡಿ ಅಂಬಿಗ ಹುಟ್ಟು ಎತ್ತಿ ಹಿಡೀತಿದ್ನಲ್ಲೋ,
ನೀರಿನ ಹನಿ ಸಪ್ಪಳಾ ನಿನ್ನ ಪದಕ ಅಡ್ಡ ಬಂದೀತಂತ..."

ಸುತ್ತಲಿನ ಹೆಂಗಸರು ರೂಢಿಯಂತೆ ಹೋ ಎಂದರು. ಎಂದ ಮೇಲೆ ಮರಿಯವ್ವ ಪಕ್ಕದವಳ ಕಿವಿಯಲ್ಲಿ, "ಅಜ್ಜಪ್ಪಣ್ಣ ಯಾವಾಗ ಹಾಡಿದ್ನವಾ?" ಎಂದಳು.

"ಸುಮ್ನಿರು. ಗದಿಗೆವ್ವ ಹೇಳಿದ್ಲಂದ್ರ ಏನರೆ ಇರತೇತಿ."

"ಅಣ್ಣಾ, ಕೂಸು ಹೋದ ಮನ್ಯಾಗ ಖಾಲಿ ತೊಟ್ಟಿಲಾ ತೂಗಿದ್ಯಲ್ಲೋ,
ಹೆಣ್ತಿ ಎದಿ ಹಾಲು ಆರೂ ತನಕ ಜೋಗುಳ ಹೇಳಿದ್ಯಲ್ಲೋ,
ಆ ದನಿ ಈಗ ಎಲ್ಲಿ ಇಟ್ಟು ಹೋದೀ, ಗೋಡಿ ಮಾಡದಾಗ ಇಟ್ಟೀಯೋ,
ಮಣ್ಣಾಗ ಇಟ್ಟೀಯೋ, ಕೈಗೆ ಸಿಗವಲ್ಲದಲ್ಲೋ..."

ಕೂಸು ಹೋದದ್ದು ಗುಡ್ಡವ್ವನ ಮನೆಯಲ್ಲಲ್ಲ, ಗದಿಗೆವ್ವನ ಮನೆಯಲ್ಲಿ ಎಂದು ಆ ಓಣಿಗೆಲ್ಲ ಗೊತ್ತಿತ್ತು. ಗುಡ್ಡವ್ವನ ಅಳು ನಿಂತಿತು. ಅವಳು ತಲೆ ಎತ್ತಿ ಗದಿಗೆವ್ವನ ಮುಖ ನೋಡಿದಳು, ಅಲ್ಲಿಂದ ಆ ಮುಖ ನೋಡುತ್ತಿದ್ದ ಕಡೆಗೆ, ಬಾಗಿಲಾಚೆಯ ಕಟ್ಟೆಗೆ ನೋಡಿದಳು. ಕಟ್ಟೆಯ ಮೇಲೆ ಮೆಹಬೂಬ, "ಜಟ್ಟ್ಯಾ, ಇದು ನಿಂದಲ್ಲೇನೋ?" ಎಂದು ಮೆಲ್ಲಗೆ ಕೇಳುತ್ತಿದ್ದ. ಜಟ್ಟೆಪ್ಪ ಕಣ್ಣು ಮುಚ್ಚಿಕೊಂಡು ತಲೆ ತೂಗುತ್ತಿದ್ದ, ಹೌದು ಹೌದು ಎಂಬಂತೆ.

ಗುಡ್ಡವ್ವ ಮೊಣಕಾಲಿನ ಮೇಲಿನ ಕೈ ತೆಗೆದುಕೊಂಡಳು. ಗದಿಗೆವ್ವನಿಗೆ ಅದು ತಿಳಿಯಿತು. ತಿಳಿದೂ ಅವಳಿಗೆ ನಿಲ್ಲಿಸಲಾಗಲಿಲ್ಲ. ಇಷ್ಟು ವರ್ಷ ಒಳಗೆ ಇದ್ದದ್ದೆಲ್ಲ ಒಂದೇ ಸಲಕ್ಕೆ ಬರುತ್ತಿತ್ತು. ಅದು ಮುಗಿಯುವಷ್ಟರಲ್ಲಿ ಹೆಣ ಎತ್ತುವ ಹೊತ್ತಾಗಿತ್ತು. ಅಜ್ಜಪ್ಪ ಎದ್ದು ಹೋದ. ಕೆಂಪು ದಾರದ ಮಾತು ಯಾರೂ ಆಡಲಿಲ್ಲ.

ಮನೆಗೆ ಬಂದು ಜಳಕ ಮಾಡಿ ಅವಳು ಹೊರಸಿನ ಕಾಲ ಹತ್ತಿರ ಕುಳಿತಳು. ಜಟ್ಟೆಪ್ಪನ ಮುಖದಲ್ಲಿ ಎಷ್ಟೋ ತಿಂಗಳಿಂದ ಇಲ್ಲದ ಕಳೆ ಬಂದಿತ್ತು.

"ಅಂಬಿಗ ಖರೇ ಹುಟ್ಟು ಎತ್ತಿ ಹಿಡೀತಿದ್ನೇನು?"

"ಹಿಡೀತಿದ್ದ. ನಾ ಅರಬಿ ಒಗೀವಾಗ ಕಂಡೇನಿ."

"ನನಗ ಯಾಕ ಹೇಳಿದ್ದಿಲ್ಲ?"

"ಹೇಳಿದ್ರ ನಿನ್ನ ಹಿಡಿಯೋರ ಯಾರು? ಮೊದಲಽ ನೆಲಾ ಮುಟ್ಟತಿದ್ದಿಲ್ಲ."

ಅವನ ಹೆಗಲು ಕುಣಿಯಿತು. ಬಹಳ ಹೊತ್ತು ಮಾಡಿನ ತೊಲೆ ನೋಡುತ್ತ ಮಲಗಿದ್ದ. ಅವನಿಗೆ ನಿದ್ದೆ ಹತ್ತಿರಬೇಕೆಂದು ಅವಳಿಗೆ ಅನಿಸುವಾಗ ಅವನ ಕೈ ಅವಳ ಭುಜ ಮುಟ್ಟಿತು.

"ಮತ್ತ ಅಜ್ಜಪ್ಪಗ?"

ಗದಿಗೆವ್ವ ಅವನ ತುಟಿ ನೋಡಿದಳು.

"ಅವನ ಪಾಲಿಂದು ನಾ ಉಂಡೆ," ಎಂದ ಜಟ್ಟೆಪ್ಪ. "ಪಾಪ, ಆಂವ ಏನೂ ಉಣ್ಣದಽ ಹೋದ."

ಮಾರನೆಯ ದಿನದಿಂದ ಗೋಡೆಯ ಮೇಲೆ ಹೆಪ್ಪಿನ ಬಟ್ಟಲು ಬರುವುದು ನಿಂತಿತು. ಗದಿಗೆವ್ವ ತಾನೇ ಒಂದು ಬಟ್ಟಲು ಇಟ್ಟಳು. ಹೆಪ್ಪು ಅಲ್ಲೇ ಬಿಸಿಲಿಗೆ ಹುಳಿತು, ಬಟ್ಟಲನ್ನು ಕಾಗೆ ಉರುಳಿಸಿತು. ದಿವಸದ ತಿಥಿ ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ ಅವಳು ಗುಡ್ಡವ್ವನ ಹಿತ್ತಲಿಗೆ ಹೋದಳು. ಗುಡ್ಡವ್ವ ಗಂಡ ಅರ್ಧಕ್ಕೆ ಬಿಟ್ಟ ಹಗ್ಗವನ್ನು ಹೊಸೆಯಲು ನೋಡುತ್ತಿದ್ದಳು. ಅವಳಿಗೆ ಅದು ಬರುತ್ತಿರಲಿಲ್ಲ. ಹುರಿ ಬಿಚ್ಚಿಕೊಳ್ಳುತ್ತಿತ್ತು.

"ಅಕ್ಕಾ, ಕುಂದರು. ಅಣ್ಣಂದು ನನ್ನ ಹೊಟ್ಟ್ಯಾಗ ಐತಿ. ಹೇಳತೇನಿ."

"ಈಗ?" ಗುಡ್ಡವ್ವ ಹಗ್ಗದಿಂದ ಕಣ್ಣು ತೆಗೆಯಲಿಲ್ಲ. "ಹೆಣಾ ಎದ್ದು ಹೋದ ಮನ್ಯಾಗ ಅಳೂ ಮಾತು ಆಡಾಕ ಬಂದೀಯೇನು? ನನಗೊಬ್ಬ ಮಗಾ ಅದಾನ, ಇರಲಿ ಅವ."

"ತಪ್ಪಾತಕ್ಕಾ."

"ನಿನಗೇನ ತಪ್ಪಾತು? ನಿಂದು ನೀ ಹೇಳಕೊಂಡಿ. ನಾನಽ ಹುಚ್ಚಿ. ಗದಿಗೆವ್ವ ಹೇಳತಾಳ, ಅಕಿ ಹೇಳಿದ್ರ ನನಗೂ ಅಳು ಬರತೇತಿ ಅಂತ ಕುಂತಿದ್ದೆ. ಇಷ್ಟು ದಿನಾ ಆತು, ನನಗಿನ್ನೂ ಬರಾಬರಿ ಅಳೂನಽ ಬಂದಿಲ್ಲ ನೋಡು." ಅಷ್ಟು ಹೇಳಿ ಬಿಚ್ಚಿದ ಹುರಿಯನ್ನು ಮತ್ತೆ ಮೊದಲಿನಿಂದ ಹಿಡಿದಳು. "ಆಂವ ಯಾವತ್ತೂ ಮಂದಿ ಬಾಯಾಗ ಬಂದಾಂವಲ್ಲ. ಹೋಗೂ ದಿನಾ ಒಂದಾದ್ರೂ ಬರಲಿ ಅಂದಿದ್ದೆ."

ಟೆಂಪೋದಲ್ಲಿ ಬ್ಯಾಡಗಿಗೆ ಹೋಗುವಾಗ ಗುಡ್ಡವ್ವ ಹಿಂದಿನ ಸೀಟಿಗೆ ಹೋದಳು. ಕೆಂಪು ರಾಶಿಗಳ ನಡುವೆ ಎಲ್ಲರೂ ಕೆಮ್ಮುತ್ತ, ಸೀನುತ್ತ ತೊಟ್ಟು ಬಿಡಿಸುವಾಗ ಅವಳ ಬೆನ್ನು ಮಾತ್ರ ಗದಿಗೆವ್ವನ ಕಡೆಗಿರುತ್ತಿತ್ತು. ಮರಿಯವ್ವ ಇಬ್ಬರನ್ನೂ ನೋಡಿ, "ಇಲ್ಲಿ ಕುಂತರ ಒಂದು ಛಲೋ ಐತ್ಯವಾ. ಅತ್ತರೂ ಮೆಣಸಿನಕಾಯಿ ಘಾಟು ಅನ್ನಬಹುದು," ಎಂದಳು. ಗದಿಗೆವ್ವನ ಮುಂದೆ ಕಾಯಿಗಳು ಹಾಗೇ ಬಿದ್ದಿದ್ದವು. ಯಾರದಾದರೂ ಮಣ್ಣಿಗೆ ಕರೆದರೆ ಅವಳು ಈಗ ಹೋಗುತ್ತಿರಲಿಲ್ಲ. ಮನೆಯಲ್ಲಿ ಕಾಯಿಲೆ ಐತಿ ಎಂದು ಹೇಳಿ ಕಳಿಸುತ್ತಿದ್ದಳು. ಒಳಗೆ ಅಜ್ಜಪ್ಪನ ಮಾತು ಕೂತಿತ್ತು, ಅದು ಹೊರಬೀಳದೆ ಇನ್ನೊಬ್ಬರ ಮಾತಿಗೆ ಜಾಗವಿರಲಿಲ್ಲ. ಹೊರಹಾಕಬೇಕೆಂದರೆ ಎದುರಿಗೆ ಹೆಣ ಬೇಕು. ಇನ್ನೊಬ್ಬರ ಮನೆಯ ಹೆಣದ ಮುಂದೆ ಮತ್ತೊಮ್ಮೆ ಆ ಕೆಲಸ ಮಾಡುವುದಂತೂ ಆಗದ ಮಾತು. ಹಾಗಾದರೆ ಯಾರ ಹೆಣ ಎಂಬುದು ಮನಸ್ಸಿಗೆ ಬಂದಾಗಲೆಲ್ಲ ಅವಳು ಎದ್ದು ಏನಾದರೂ ಕೆಲಸ ಹಿಡಿಯುತ್ತಿದ್ದಳು.

ಹೊಳೆ ಬತ್ತಿ ನಡುವಿನ ಕಲ್ಲುಗಳು ಕಾಣುವ ಕಾಲಕ್ಕೆ ಜಟ್ಟೆಪ್ಪನಿಗೆ ಗಂಜಿಯೂ ಇಳಿಯದಾಯಿತು. ಮೆಹಬೂಬ ದಿನವೂ ಬಂದು ಕಾಲದೆಸೆಯಲ್ಲಿ ಕೂತು ಊರಿನ ಸುದ್ದಿ ಹೇಳುತ್ತಿದ್ದ. "ಹೊಸಾ ಹುಡುಗೂರು ಹಾಡತಾವ ನೋಡು, ಕುರಿ ಒದರಿದಂಗ. ನೀ ಎದ್ದು ಒಂದು ನಾಕ ಬೈದ ಬಾ," ಎನ್ನುತ್ತಿದ್ದ. ಜಟ್ಟೆಪ್ಪ ಬೆರಳು ಎತ್ತಿ ಆಡಿಸುತ್ತಿದ್ದ. ಒಂದು ಮಧ್ಯಾಹ್ನ ಹೆಂಡತಿಯನ್ನು ಹತ್ತಿರ ಕರೆದು, "ನಂದು ನಾ ಕೇಳೇನಿ," ಎಂದ. ಮತ್ತೇನೋ ಹೇಳಲು ತುಟಿ ಅಲುಗಿದವು. ಅವಳು ಬಾಗಿ ನೋಡಿದರೂ ತಿಳಿಯಲಿಲ್ಲ. ಇನ್ನೊಮ್ಮೆ ಹೇಳು ಮಾವಾ ಎಂದಳು. ಅವನು ಕಣ್ಣು ಮುಚ್ಚಿದ. ಆಮೇಲೆ ಅವನು ಮಾತಾಡಿದ್ದು ಅವಳಿಗೆ ನೆನಪಿಲ್ಲ.

ಅವನು ಹೋದ ದಿನ ಓಣಿ ಬೇಗನೆ ತುಂಬಿತು. ಊರಿಗೆಲ್ಲ ಅತ್ತವಳು ತನ್ನ ಗಂಡನಿಗೆ ಹೆಂಗೆ ಅಳುತ್ತಾಳೆಂದು ಕೇಳಲಿಕ್ಕೇ ಬಂದವರೂ ಇದ್ದರು. ಹಲಗೇರಿಯಿಂದ ಬಂದ ನೆಂಟರ ಹೆಂಗಸೊಬ್ಬಳು ಮೊಬೈಲನ್ನು ಸೆರಗಿನಡಿ ಹಿಡಿದುಕೊಂಡಿದ್ದಳು. ಹೊಸ ಧೋತರ ಉಡಿಸಿ, ರುಮಾಲು ಸುತ್ತಿ, ಗೋಡೆಗೆ ಆನಿಸಿ ಕೂಡಿಸಿದ್ದ ಜಟ್ಟೆಪ್ಪ ಮೇಳಕ್ಕೆ ಹೊರಟವನಂತೆ ಕಾಣುತ್ತಿದ್ದ. ಗದಿಗೆವ್ವ ಎಡಕ್ಕೆ ಕುಳಿತಳು. ಗಂಡನ ಚಪ್ಪಲಿ ನೋಡಲಿಲ್ಲ. ಅವು ಅವಳಿಗೆ ಗೊತ್ತು.

ಎಲ್ಲರೂ ಕಾಯುತ್ತಿದ್ದರು. ಅವಳು ಬಾಗಿಲ ಕಡೆ ನೋಡುತ್ತ ಕುಳಿತೇ ಇದ್ದಳು. ಕಡೆಗೆ ಗುಡ್ಡವ್ವ ಬಂದಳು. ಸಾವಿನ ಮನೆಗೆ ಬರದೆ ಇರಬಾರದೆಂದು ಬಂದವಳಂತೆ, ಒಳಗೆ ಬರದೆ ಹೊಸ್ತಿಲ ಹತ್ತಿರವೇ ಗೋಡೆಗೆ ಒರಗಿದಳು. ಗದಿಗೆವ್ವ ಒಮ್ಮೆ ಗಂಡನ ಮುಖ ನೋಡಿದಳು. ಸೆರಗು ಹಣೆಗೆ ಎಳೆದುಕೊಂಡಳು.

"ಅಣ್ಣಾಽ..."

ಹೊಸ್ತಿಲ ಹತ್ತಿರ ಗುಡ್ಡವ್ವ ತಲೆ ಎತ್ತಿದಳು.

"ಅಣ್ಣಾ, ಊರ ದನಕ್ಕೆಲ್ಲಾ ಕಣ್ಣಿ ಹೊಸದಿ, ಒಂದ ಕೊಳ್ಳೂ ಕೊರೀಲಿಲ್ಲೋ,
ಹೊಸದ ಹಗ್ಗಾ ಮೊದಲ ನಿನ್ನ ಗಲ್ಲಕ್ಕ ತಿಕ್ಕಿ ನೋಡತಿದ್ಯಲ್ಲೋ,
ಮೂಕ ಜೀವಕ್ಕ ಒರಟಾದೀತೇನಂತ..."

"ಅಯ್ಯ ನಮ್ಮವ್ವಾ, ಗಂಡಗ ಅಣ್ಣಾ ಅಂತಾಳ!" ಎಂದಳು ಹಲಗೇರಿಯವಳು.

"ದುಃಖಕ್ಕ ತಲಿ ತಿರಗೇತಿ. ನೀರ ಕೊಡ್ರಿ ಅಕಿಗೆ," ಎಂದಳು ಇನ್ನೊಬ್ಬಳು.

ಮರಿಯವ್ವ ನೀರಿನ ತಂಬಿಗೆ ಹಿಡಿದು ಎದ್ದವಳು, ಹೊಸ್ತಿಲ ಕಡೆ ನೋಡಿ ಹಾಗೇ ನಿಂತಳು.

"ಅಣ್ಣಾ, ಎಡಗಾಲ ಚಪ್ಪಲಿ ಹರದರ ಹೊಸಾವು ತರಲಿಲ್ಲೋ,
ಹೆಣ್ತಿ ಸೀರಿ ಅಂಚಿನ ಕೆಂಪು ದಾರದಲೆ ಹೊಲಕೊಂಡ್ಯಲ್ಲೋ,
ನೀ ಒಬ್ಬಽ ಹೊಲಕ್ಕ ಹೋದ್ರೂ ಅಕಿ ಅಂಚು ಜೋಡಿ ಬರತಿತ್ತಲ್ಲೋ.
ಅಣ್ಣಾ, ಮಾತ ಕಡಿಮಿ ಆಡಿದಿ, ಉಳಿಸಿಟ್ಟ ಮಾತು
ಯಾರ ಉಡ್ಯಾಗ ಹಾಕಿ ಹೋದ್ಯೋ, ಅಕಿ ಉಡಿ ತಡವಿ ನೋಡಾಕತ್ಯಾಳಲ್ಲೋ..."

ಹೊಸ್ತಿಲ ಹತ್ತಿರ ಏನೋ ಮುರಿದಂಥ ಸದ್ದಾಯಿತು. ಗುಡ್ಡವ್ವ ಕುಸಿದು ಕುಳಿತಿದ್ದಳು. ಇಷ್ಟು ತಿಂಗಳ ಅಳು ಅವಳ ಹೊಟ್ಟೆಯಿಂದ ಬಾಯಿಗೆ ಬರಲು ದಾರಿ ಸಾಲದೆ ಮೊದಲು ಬರೇ ಕೆಮ್ಮಿನಂತೆ ಬಂತು. ಆಮೇಲೆ ದೊಡ್ಡದಾಗಿ ಬಂತು. ಅವಳು ನೆಲದ ಮೇಲೆ ಕೈಯೂರುತ್ತ ಮಂದಿಯ ನಡುವೆ ದಾರಿ ಮಾಡಿಕೊಂಡು ಬಂದು ಗದಿಗೆವ್ವನ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಕಟ್ಟೆಯ ಮೇಲೆ ಮೆಹಬೂಬ ಟೊಪ್ಪಿಗೆ ತೆಗೆದು ತಲೆ ತಗ್ಗಿಸಿದ. ಹೊರಗಿನ ಗಂಡಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಹಲಗೇರಿಯವಳು ಮೊಬೈಲನ್ನು ಚೀಲಕ್ಕೆ ಹಾಕಿದಳು.

ಹೆಣ ಎತ್ತುವ ತನಕ ಗದಿಗೆವ್ವ ಅಜ್ಜಪ್ಪನದನ್ನೇ ಹೇಳಿದಳು. ಒಂದನ್ನೂ ಬಿಡಲಿಲ್ಲ. ಜಟ್ಟೆಪ್ಪನ ಹೆಸರು ಒಮ್ಮೆಯೂ ಅವಳ ಬಾಯಿಗೆ ಬರಲಿಲ್ಲ. ಅವನು ಎದ್ದು ಹೋದ.

ಕಟ್ಟಿಕೊಂಡವನಿಗೆ ಒಂದು ಮಾತೂ ಆಡಲಿಲ್ಲ ಎಂದು ಆ ದಿನದಿಂದಲೇ ಜನ ಮಾತಾಡಿದರು. ಇನ್ನೂ ಆಡುತ್ತಾರೆ.

ಮಣ್ಣು ಮುಗಿಸಿ ಹೆಂಗಸರು ಹೊಳೆಗೆ ಇಳಿದರು. ನೀರು ಮೊಣಕಾಲ ಮಟ್ಟ. ಗದಿಗೆವ್ವ ಕಲ್ಲಿನ ಮೇಲೆ ಕುಳಿತಳು, ಗುಡ್ಡವ್ವ ತಂಬಿಗೆಯಿಂದ ಅವಳ ತಲೆಯ ಮೇಲೆ ನೀರು ಹಾಕುತ್ತ ನಿಂತಳು.

"ಆ ದಾರ ನೀ ಯಾವಾಗ ನೋಡಿದ್ದಿ?"

"ಅವತ್ತಽ."

"ಅವತ್ತು ಇಷ್ಟೂ ನಿನ್ನ ಹಂತೇಕ ಇತ್ತೇನು?"

"ಹೂಂ ಅಕ್ಕಾ."

ಗುಡ್ಡವ್ವ ಇನ್ನೊಂದು ತಂಬಿಗೆ ಹಾಕಿದಳು. "ಗಲ್ಲಕ್ಕ ತಿಕ್ಕಿ ನೋಡೋದು ನಾನೂ ನೋಡೇನಿ. ದಿನಾ ನೋಡೇನಿ. ಯಾಕಂತ ಒಂದಿನಾ ಕೇಳಲಿಲ್ಲ." ಅವಳ ದನಿ ಮತ್ತೆ ಒಡೆಯಿತು. ತಂಬಿಗೆ ಮತ್ತೆ ತುಂಬಿಕೊಂಡು, "ನಿಂದು ಈಗ ಯಾರ ಹೇಳೋರು?" ಎಂದಳು.

ಗದಿಗೆವ್ವ ಆಚೆ ದಂಡೆ ನೋಡಿದಳು. ಅಲ್ಲಿ ಮರಳಿನಲ್ಲಿ ಹಳೆಯ ದೋಣಿಯೊಂದು ಬೋರಲು ಬಿದ್ದಿತ್ತು. ಸೇತುವೆ ಆದ ಮೇಲೆ ಅಂಬಿಗನಿಗೂ ಕೆಲಸವಿರಲಿಲ್ಲ. ಅವಳು ಬಾಯಿ ತೆರೆದಳು. ಮಾವಾ ಎನ್ನಬೇಕೆಂದಿದ್ದಳು. ತಿದಿ ಒತ್ತಿದಂತೆ ಬರೇ ಗಾಳಿ ಬಂತು.

ಗುಡ್ಡವ್ವ ತಂಬಿಗೆಯನ್ನು ಕಲ್ಲಿನ ಮೇಲಿಟ್ಟು, ಅವಳ ಒದ್ದೆ ಸೆರಗಿನ ಒಂದು ತುದಿ ತಾನು ಹಿಡಿದು ಇನ್ನೊಂದನ್ನು ಅವಳ ಕೈಗೆ ಕೊಟ್ಟಳು.

"ಹಿಡಿ ಬಿಗಿಯಾಗಿ. ಹಿಂಡೂಣು. ಹೊತ್ತ ಮುಳಗಾಕತ್ತೇತಿ."